ಎರಡೂವರೆ ಡಿಬಿ ಜಾಸ್ತಿ ಇತ್ತು, ಅಷ್ಟೇ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ರೂಮ್ ಇದೆ. ಹತ್ತು ಅಡಿ ಅಗಲ, ನೆಲಕ್ಕೆ ಶಹಾಬಾದ್ ಕಲ್ಲು. ಬರುವವರಲ್ಲಿ ಭಜನೆ, ತತ್ವಪದ ಹಾಡುವವರೇ ಹೆಚ್ಚು. ಹೋದ ಬೇಸಿಗೆಯಲ್ಲಿ ಯಾದಗಿರಿ ಕಡೆಯಿಂದ ಒಬ್ಬ ಮುತ್ಯಾ ಬಂದಿದ್ದರು. ಕೂಲರ್ ಬಂದ್ ಮಾಡಿಸಿದ್ದೆ. ಆ ಸೆಖೆಯಲ್ಲೇ ಕೂತು, ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ಪದ ಹಾಡಿದರು. ಒಂದೇ ಟೇಕ್.

ಅವರು ಊಟಕ್ಕೆ ಹೋದಾಗ ನಾನು ಇಕ್ವಲೈಜರ್ ತೆರೆದೆ. ದನಿಯ ತಗ್ಗು, ನಡು, ಮೇಲಿನ ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ ಅದು, ಚಿಕ್ಕದಾಗಿ ಇಕ್ಯೂ. ಗ್ರಾಫ್‌ನಲ್ಲಿ 3,000 ಹರ್ಟ್ಜ್ ದಾಟಿದ ಮೇಲೆ ಗೆರೆ ಇಳಿಯುತ್ತಾ ಹೋಗಿತ್ತು. ಮೇಲಿನ ಭಾಗ ಕಡಿಮೆಯಾಗಿದೆ ಅಂದುಕೊಂಡು ಅಲ್ಲಿ 6 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಏರಿಸಿದೆ. 10,000ದ ಮೇಲಿನದನ್ನೂ ಸ್ವಲ್ಪ ಎತ್ತಿದೆ. ಇಕ್ಯೂವನ್ನು ಬದಿಗಿಟ್ಟು ಮೂಲ ದನಿ ಕೇಳಿಸುವ ಬೈಪಾಸ್ ಗುಂಡಿ ಒತ್ತಿ ಹೋಲಿಸಿದೆ. ಇಕ್ಯೂ ಇದ್ದರೆ ಚೆಂದ, ತೆಗೆದರೆ ಮಂಕು. ಖುಷಿಯಾಯಿತು.

ಮುತ್ಯಾ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದರು. "ಪದಾ ಛಲೋ ಕೇಳ್ತದ ತಮ್ಮಾ, ಖರೆ ಇದು ನನ್ನ ದನಿ ಅಲ್ಲ ನೋಡು" ಅಂದರು.

ಆಮೇಲೆ ಔಟ್‌ಪುಟ್ ಮೀಟರ್ ನೋಡಿದೆ. ಇಕ್ಯೂ ಇದ್ದಾಗ ಎರಡೂವರೆ ಡಿಬಿ ಜಾಸ್ತಿ ತೋರಿಸುತ್ತಿತ್ತು. ಔಟ್‌ಪುಟ್ ಗುಂಡಿಯಲ್ಲಿ ಅಷ್ಟನ್ನೇ ಇಳಿಸಿ ಮತ್ತೆ ಬೈಪಾಸ್ ಒತ್ತಿದೆ. ಈಗ ಬೇರೆಯೇ ಕಥೆ. ಮೂಲ ದನಿ ತುಂಬಿಕೊಂಡಿತ್ತು, ನನ್ನದು ಚುಚ್ಚುತ್ತಿತ್ತು. ಸ, ಶ ಬಂದಲ್ಲೆಲ್ಲ ಸುಯ್ ಅನ್ನುತ್ತಿತ್ತು. ಸ್ವಲ್ಪ ಜೋರಾದದ್ದನ್ನು ಕಿವಿ ಚೆಂದ ಅಂತಲೇ ತಿಳಿಯುತ್ತದೆ. ಸದ್ದು ಸಣ್ಣದಾದಾಗ ತಗ್ಗಿನ ಸ್ವರ ನಮಗೆ ಇನ್ನೂ ಕಡಿಮೆ ಕೇಳುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಈಗ ನಾನು ಎರಡೂ ಕಡೆ ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಸಮ ಮಾಡದೆ ಬೈಪಾಸ್ ಒತ್ತುವುದೇ ಇಲ್ಲ. ಪೀಕ್ ಮೀಟರ್ ತುತ್ತತುದಿಯನ್ನಷ್ಟೇ ಹೇಳುತ್ತದೆ, ಕಿವಿಗೆ ಎಷ್ಟು ಜೋರು ಅನ್ನೋದನ್ನಲ್ಲ.

ಇನ್ನು ಆ ಇಳಿಜಾರು. ಅದು ತಪ್ಪೇ ಅಲ್ಲ! ಹಾಡುವ ದನಿಯಲ್ಲಿ ಮೇಲೆ ಹೋದಂತೆ ಶಕ್ತಿ ತಾನಾಗೇ ಕಡಿಮೆಯಾಗುತ್ತದೆ. ಗೆರೆಯನ್ನು ಸಪಾಟು ಮಾಡಲು ಹೋದರೆ ದನಿ ಕೆಡುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಹಾಡು ಉಳಿಯುತ್ತಿದ್ದವು.

ಹಾಗಂತ ಗ್ರಾಫ್ ಸುಮ್ನೆ ಅಲ್ಲ. ಯಾರೂ ಹಾಡದ ಮೌನದ ಜಾಗದಲ್ಲಿ ನೋಡಿ. ಅಲ್ಲಿ 50, 100, 150ರಲ್ಲಿ ಮೂರು ಮೊನೆ ಎದ್ದಿದ್ದವು. ನಮ್ಮ ಕರೆಂಟ್ 50 ಹರ್ಟ್ಜ್ ಅಲ್ವಾ, ಅದರದೇ ಗುಂಯ್. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ, ಮೊನೆಗಳು ಕುಸಿದವು. ಇಕ್ಯೂನಲ್ಲಿ ಕತ್ತರಿಸುವುದಕ್ಕಿಂತ ಅದೇ ಲೇಸು.

ಹಾಡಿನಲ್ಲಿ ಒಂದು ಸ್ವರ ಮಾತ್ರ ಗುಮ್ ಅಂತ ಉಬ್ಬುತ್ತಿತ್ತು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಎದುರುಬದುರು ಗೋಡೆಗಳ ನಡುವೆ ಅದು ಹೋಗಿಬರುವುದರಿಂದ 3 ಮೀಟರ್ ಅಗಲದ ರೂಮಿನಲ್ಲಿ 57 ಹರ್ಟ್ಜ್ ಮತ್ತು ಅದರ ಎರಡರಷ್ಟು, 114ರ ಹತ್ತಿರ ಉಬ್ಬು ಬರುತ್ತದೆ. ಗ್ರಾಫೂ 114ರ ಆಸುಪಾಸನ್ನೇ ತೋರಿಸಿತು. ಕಡಿತ ಎಷ್ಟು ಅಗಲ ಅಂತ ಹೇಳುವ ಅಂಕಿ ಕ್ಯೂ; ಅದನ್ನು 4 ಇಟ್ಟು ಅಲ್ಲಿ 3 ಡಿಬಿ ಇಳಿಸಿದೆ. ಕ್ಯೂ ಜಾಸ್ತಿಯಾದಷ್ಟು ಕಡಿತ ಕಿರಿದು. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಇಕ್ಯೂ ಬಳಸುವವರಿಗೆ ಒಂದು ಮಾತು: ಅಲ್ಲಿ ಕ್ಯೂ ಬದಲು ಆಕ್ಟೇವ್ (ಹರ್ಟ್ಜ್ ಎರಡರಷ್ಟಾಗುವ ಅಂತರ, ಅಂದರೆ ಒಂದು ಸಪ್ತಕ) ಲೆಕ್ಕ ಇದೆ, ಅಂಕಿ ದೊಡ್ಡದಾದರೆ ಕಡಿತ ಅಗಲ. ಕ್ಯೂ 1.4 ಅಂದರೆ ಸುಮಾರು ಒಂದು ಆಕ್ಟೇವ್.

ಕಲ್ಲಿನಿಂದ ತಿರುಗಿ ಬರುವ ಸದ್ದಿಗೆ ಮಾತ್ರ ಯಾವ ಗುಂಡಿಯೂ ನಡೆಯಲಿಲ್ಲ. ಮನೆಯಿಂದ ಮೂರು ಕೌದಿ ತಂದೆ. ಎರಡನ್ನು ಗೋಡೆಗೆ ತೂಗುಹಾಕಿ ಒಂದನ್ನು ನೆಲಕ್ಕೆ ಹಾಸಿದೆ. ಸಂಜೆ ಮುತ್ಯಾ ಅದರ ಮೇಲೆ ಕೂತು ಎರಡನೇ ಪದ ಹಾಡಿದರು. ಆ ಪದಕ್ಕೆ 80 ಹರ್ಟ್ಜ್‌ನ ಲೋ ಕಟ್ (ಅದಕ್ಕಿಂತ ತಗ್ಗಿನದನ್ನು ಕತ್ತರಿಸುವುದು) ಬಿಟ್ಟರೆ ನಾನು ಬೇರೇನೂ ಹಾಕಿಲ್ಲ.