ನಿಲ್ಲಿಸುವ ಗುಂಡಿಯಿಂದ ಶುರುವಾಗುವ ಪಾಠ

ಕೈಕಾಲುಗಳ ಸ್ವಾಧೀನವಿಲ್ಲದವರ ಮನೆಗೆ ಸಹಾಯಕ ರೋಬೋಟ್ ಬಂದಾಗ ಅದನ್ನು ವಿವರಿಸುವವರು ಸಾಮಾನ್ಯವಾಗಿ ಗಾಲಿಕುರ್ಚಿಯ ಹಿಂದೆ ನಿಂತವರ ಮುಖ ನೋಡಿ ಮಾತನಾಡುತ್ತಾರೆ. ಮೊದಮೊದಲು ನಾನೂ ಹಾಗೆಯೇ ಮಾಡಿದೆ. ಯಂತ್ರವನ್ನು ನಡೆಸಬೇಕಾದವರು ಕುರ್ಚಿಯಲ್ಲಿ ಕುಳಿತವರು, ಅದು ಗುರಿ ತಪ್ಪಿದರೆ ಪೆಟ್ಟು ಬೀಳುವುದೂ ಅವರಿಗೇ ಎಂಬುದು ನನಗೆ ತಡವಾಗಿ ಹೊಳೆಯಿತು.

ಆದ್ದರಿಂದ ಈಗ ನಾನು ರೋಬೋಟ್ ಏನೇನು ಮಾಡುತ್ತದೆ ಎನ್ನುವ ಮೊದಲು ಅದನ್ನು ನಿಲ್ಲಿಸುವುದು ಹೇಗೆಂದು ತೋರಿಸುತ್ತೇನೆ. ಯಂತ್ರದ ಮೈಮೇಲಿನ ಕೆಂಪು ಗುಂಡಿ ಕೈ ಎತ್ತಲಾರದವರಿಗೆ ಇದ್ದೂ ಇಲ್ಲದಂತೆ. ಗಲ್ಲ, ತಲೆ ಅಥವಾ ಉಸಿರಿನಿಂದ ಒತ್ತಬಹುದಾದ ಸ್ವಿಚ್ಚೊಂದು ಅವರಿಗೆ ಬೇಕು. ನಿಲ್ಲಿಸಿದ ಮೇಲೆ ಏನಾಗುತ್ತದೆ ಎಂಬುದನ್ನೂ ಅವರ ಕಣ್ಣೆದುರೇ ಮಾಡಿ ತೋರಿಸಬೇಕು, ಏಕೆಂದರೆ ವಿದ್ಯುತ್ ಕಡಿತಗೊಂಡಾಗ ಕೆಲವು ರೋಬೋಟ್ ತೋಳುಗಳು ಬ್ರೇಕ್ ಹಿಡಿದು ಇದ್ದಲ್ಲೇ ನಿಲ್ಲುತ್ತವೆ, ಇನ್ನು ಕೆಲವು ತಮ್ಮ ಭಾರಕ್ಕೇ ಕುಸಿಯುತ್ತವೆ. ತುಟಿಯ ಬಳಿ ಚಮಚ ಇರುವ ಹೊತ್ತಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಅತಿ ಹೆಚ್ಚು ಸಮಯ ಹಿಡಿಯುವುದು ಮೋಡ್‌ಗಳ ವಿಷಯ. ಗಾಲಿಕುರ್ಚಿಗೆ ಜೋಡಿಸುವ ಕಿನೋವಾ ಕಂಪನಿಯ ಜಾಕೋ ತೋಳಿನಲ್ಲಿ 6 ಕೀಲುಗಳಿವೆ, ಅದರ ಮೇಲೆ ಬೆರಳುಗಳು ಬೇರೆ. ಸಾಮಾನ್ಯ ಜಾಯ್‌ಸ್ಟಿಕ್ ಆದರೋ ಎಡ-ಬಲ, ಹಿಂದೆ-ಮುಂದೆ ಎಂದು ಎರಡೇ ಬಗೆಯಲ್ಲಿ ಬಾಗುತ್ತದೆ. ಹೀಗಾಗಿ ಅದೇ ಕಡ್ಡಿ ಒಂದು ಮೋಡ್‌ನಲ್ಲಿ ತೋಳನ್ನು ಸರಿಸುತ್ತದೆ, ಇನ್ನೊಂದರಲ್ಲಿ ಮಣಿಕಟ್ಟನ್ನು ತಿರುಗಿಸುತ್ತದೆ, ಮತ್ತೊಂದರಲ್ಲಿ ಬೆರಳು ಮುಚ್ಚಿಸುತ್ತದೆ. ಯಾವ ಮೋಡ್‌ನಲ್ಲಿದ್ದೇವೆಂದು ಮರೆತು ಲೋಟ ಉರುಳಿಸಿದವರು ಕೂಡಲೇ ‘ಇದು ನನ್ನ ಕೈಲಾಗದು’ ಎಂದುಬಿಡುತ್ತಾರೆ. ತೊಡಕಿರುವುದು ಅವರಲ್ಲಲ್ಲ, ಎರಡು ದಿಕ್ಕಿನ ಕಡ್ಡಿಗೆ ಅಷ್ಟೊಂದು ಚಲನೆಗಳನ್ನು ಹೊರಿಸಿರುವುದರಲ್ಲಿ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ. ಖಾಲಿ ಪ್ಲಾಸ್ಟಿಕ್ ಲೋಟದಿಂದಲೇ ಅಭ್ಯಾಸ ಆರಂಭಿಸುವುದು ಕ್ಷೇಮ.

ತಾನೇ ನೋಡಿ ವಸ್ತು ಹಿಡಿಯುವ ರೋಬೋಟ್‌ಗಳ ಕಣ್ಣಿಗೂ ಮಿತಿಗಳಿವೆ. ದೂರ ಅಳೆಯುವ ಅವುಗಳ ಕ್ಯಾಮೆರಾಗಳು ಪಾರದರ್ಶಕ ಗಾಜು, ಹೊಳೆಯುವ ಸ್ಟೀಲು ಮತ್ತು ನೇರ ಬಿಸಿಲಿನ ಮುಂದೆ ತಬ್ಬಿಬ್ಬಾಗುತ್ತವೆ. ನಮಗೆ ಎದ್ದು ಕಾಣುವ ಗಾಜಿನ ಲೋಟ ಅದಕ್ಕೆ ಇಲ್ಲವೇ ಇಲ್ಲ ಎಂದು ತಿಳಿದವರು ರೋಬೋಟನ್ನು ಶಪಿಸದೆ ಲೋಟವನ್ನು ಬದಲಾಯಿಸುತ್ತಾರೆ. ಅಂದಹಾಗೆ, ಆ ಕ್ಯಾಮೆರಾ ಮಲಗುವ ಕೋಣೆಯನ್ನೂ ನೋಡುತ್ತಿರುತ್ತದೆ. ಚಿತ್ರಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳುವ ಹಕ್ಕು ಬಳಸುವವರದು.

ಭಾರದ ಬಗ್ಗೆಯೂ ಭ್ರಮೆ ಬೇಡ. ಕುರ್ಚಿಗೆ ಜೋಡಿಸುವ ಇಂಥ ತೋಳು ಎತ್ತುವುದು ಒಂದೆರಡು ಕೆಜಿಯಷ್ಟೇ, ಮನುಷ್ಯರನ್ನಲ್ಲ.

ಅದರಿಂದ ಯಾವ ಕೆಲಸ ಮಾಡಿಸಬೇಕು ಎಂದು ಕೇಳಿದರೆ ಮನೆಯವರು ಊಟ, ನೀರು ಎನ್ನುತ್ತಾರೆ. ಉತ್ತರ ಬೇರೆಯೂ ಇರಬಹುದು. 2002ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಮಾತು ಮತ್ತು ಕೈಕಾಲುಗಳ ಚಲನೆ ಕಳೆದುಕೊಂಡ ಅಮೆರಿಕದ ಹೆನ್ರಿ ಎವಾನ್ಸ್, ವರ್ಷಗಳ ಬಳಿಕ ಪಿಆರ್2 ಎಂಬ ದೊಡ್ಡ ರೋಬೋಟನ್ನು ತಲೆಯ ಅಲ್ಪ ಚಲನೆಯಿಂದ ನಿಯಂತ್ರಿಸಿ ಮಾಡಿಕೊಂಡ ಕೆಲಸಗಳಲ್ಲಿ ಒಂದು, ಯಾರನ್ನೂ ಕರೆಯದೆ ತಮ್ಮ ಮುಖದ ತುರಿಕೆಯನ್ನು ತಾವೇ ತುರಿಸಿಕೊಂಡದ್ದು.