ಅವ್ವನ ಚಾಕೂ ಮ್ಯಾಲಿನ ಗೀರು

ನಮ್ಮ ಅವ್ವನ ಸ್ಟೀಲ್ ಚಾಕೂ ಐತಲ್ಲ, ಅದನ್ನ ಹೋದ ತಿಂಗಳ ನಮ್ಮ ತಮ್ಮ ಹಿತ್ತಲದಾಗಿನ ಕಲ್ಲಿಗೆ ತಿಕ್ಕಿ ಚೂಪ ಮಾಡಾಕ ಹೋದ. ಚೂಪ ಏನೋ ಆತು ಖರೆ, ಆದ್ರ ಬಾಯಿ ಅಷ್ಟ ತಿಕ್ಕೂದು ಬಿಟ್ಟು ಚಾಕೂ ಪೂರಾ ಮಲಗಿಸಿ ತಿಕ್ಯಾನ, ಅಲಗಿನ ತುಂಬ ಅಡ್ಡಾದಿಡ್ಡಿ ಗೀರು. ಅವ್ವ ಏನೂ ಬೈಲಿಲ್ಲ, ಸೆರಗಿಲೆ ಎರಡ ಸಲ ಒರೆಸಿ ನೋಡಿದ್ಲು ಅಷ್ಟ, ಅದು ನನಗ ಭಾಳ ಚುಚ್ಚಿತು.

ಗೀರು ಬಿದ್ರ ಹೆಚ್ಚಾಕ ಏನೂ ತೊಂದ್ರಿ ಇಲ್ಲ ಬಿಡ್ರಿ. ಆದ್ರ ಆಳ ಗೀರಿನ್ಯಾಗ ನೀರು, ಹುಣಸಿ ಹುಳಿ ಕುಂತು ಅಲ್ಲಿಂದನ ತುಕ್ಕು ಸುರು ಆಗ್ತೈತಿ, ಸ್ಟೇನ್‌ಲೆಸ್ ಅಂದ್ರೂ ಬಿಡಂಗಿಲ್ಲ.

ನಮ್ಮ ಮಾವ ಇಳಕಲ್‌ದಾಗ ಗ್ರಾನೈಟ್ ಪಾಲಿಶ್ ಮಾಡೋರು, ಅಲ್ಲಿ ಕೆಂಪು ಗ್ರಾನೈಟ್ ನಿಮಗೆಲ್ಲಾ ಗೊತ್ತಿರ್ತೈತಿ. ಫೋನ್ ಹಚ್ಚಿ ಕೇಳಿದ್ರ, "ಅಳ್ಯಾ, ಗೀರು ತುಂಬೂದಲ್ಲ, ಸುತ್ತಲಿನ ಸ್ಟೀಲ್ ಸವಿಸಿ ಗೀರಿನ ತಳದ ತನಕ ಇಳಿಸೂದು, ಪೇಪರಿನ ನಂಬರ ಮಾತ್ರ ಹಾರಿಸಬ್ಯಾಡ" ಅಂದ್ರು. ಅಷ್ಟ ಮಾತಿನ್ಯಾಗ ಪೂರಾ ಕೆಲಸ ಐತಿ ನೋಡ್ರಿ.

ನವನಗರದ ಹಾರ್ಡ್‌ವೇರ್ ಅಂಗಡ್ಯಾಗ ವಾಟರ್ ಪೇಪರ್, ಅಂದ್ರ ನೀರು ಹಚ್ಚಿ ತಿಕ್ಕೋ ಸ್ಯಾಂಡ್ ಪೇಪರ್ ತಗೊಂಡ್ನಿ, ಗಾಡಿ ಪೇಂಟ್ ಮಾಡೋರು ವಾಪರಸ್ತಾರಲ್ಲ ಆ ಕರೀದು, 320, 400, 600, 800, 1000, ಕಡೀಕ 1500. ನಂಬರ ಸಣ್ಣದಿದ್ರ ಪೇಪರ್ ಒರಟ, ದೊಡ್ಡದಾದಂಗ ನುಣ್ಣಗ. ಉಗುರು ಆಡಿಸಿದ್ರ ಗೀರಿನ್ಯಾಗ ಸಿಗಬಿದ್ರ ಅದು ಆಳ, 320ರಿಂದ ಸುರು ಮಾಡಬೇಕು, ಉಗುರಿಗೆ ಹತ್ತಲಿಲ್ಲ ಅಂದ್ರ 800ರಿಂದ ಸುರು ಮಾಡಿದ್ರ ಸಾಕು, ಸುಮ್ನ ಒರಟ ಪೇಪರ್ ಹಚ್ಚಿ ಹೊಸಾ ಗೀರು ಮಾಡ್ಕೋಬ್ಯಾಡ್ರಿ.

ಮೊದಲ ಚಾಕೂ ಬಾಯಿಗೆ ಮಾಸ್ಕಿಂಗ್ ಟೇಪ್ ಮೂರ್ನಾಕ ಸುತ್ತ ಹಚ್ಚ್ರಿ, ಇದನ್ನ ಮರತ್ರ ಬೆರಳ ಹೋಗ್ತಾವ. ಚಾಕೂ ಹಲಗಿ ಮ್ಯಾಲ ಮಲಗಿಸಿ, ಪೇಪರ್ ಒಂದ ಕಟಗಿ ತುಂಡಿಗೆ ಸುತ್ತಿ, ನೀರಿನ್ಯಾಗ ಭಾಂಡೆ ತೊಳಿಯೋ ಸೋಪ್ ಒಂದ ಹನಿ ಹಾಕ್ಕೊಂಡು ತಿಕ್ಕಬೇಕು. 320 ಬೆನ್ನಿನಿಂದ ಬಾಯಿ ಕಡೆ ಅಡ್ಡ ತಿಕ್ಕಿದ್ರ 400 ಹಿಡಿಕಿಯಿಂದ ತುದಿ ಕಡೆ ಉದ್ದಕ, 600 ಮತ್ತ ಅಡ್ಡ. ಯಾಕಂದ್ರ ಚಾಕೂ ಟ್ಯೂಬ್‌ಲೈಟ್ ಕೆಳಗ ಓರೆ ಹಿಡದು ನೋಡಿದಾಗ ಹೊಸಾ ಗೆರಿ ಎಲ್ಲಾ ಒಂದ ಕಡೆ ಮಲಗಿರ್ತಾವ, ಹಳೇದು ಒಂದ ಉಳದಿದ್ರೂ ಅದಕ್ಕ ಅಡ್ಡ ಎದ್ದ ಕಾಣ್ತೈತಿ. ಅದು ಹೋಗೂತನಕ ಮುಂದಿನ ನಂಬರ ಮುಟ್ಟಬ್ಯಾಡ್ರಿ. ನಾ 400 ಆದಮ್ಯಾಲ ಅವಸರ ಮಾಡಿ 1000 ಹಿಡದ್ನಿ, ಅರ್ಧಾ ತಾಸು ತಿಕ್ಕಿದ್ರೂ 400ರ ಗೆರಿ ಹಂಗ ಇದ್ದು, ತಿರುಗಿ 600ಕ್ಕ ಬರಬೇಕಾತು.

ಪ್ರತಿ ನಂಬರ ಆದಮ್ಯಾಲ ಚಾಕೂ, ಹಲಗಿ, ಕೈ ಎಲ್ಲಾ ತೊಳೀರಿ, ಒರಟ ಪೇಪರಿನ ಒಂದ ಕಾಳು ಉಳದ್ರೂ ನುಣ್ಣನ ಅಲಗ ಮ್ಯಾಲ ಉದ್ದಕ ಎಳೀತೈತಿ. ಕಡೀ ನಂಬರ ಉದ್ದಕ, ಒಂದ ದಿಕ್ಕಿಗೆ ಅಷ್ಟ. ಕೋಟಿಂಗ್ ಇದ್ದ ಬಣ್ಣದ ಚಾಕೂಗೆ ಇದನ್ನ ಮಾಡಬ್ಯಾಡ್ರಿ, ಕೋಟಿಂಗ್ ಕಿತ್ತ ಹೋಗ್ತೈತಿ, ಅಲಗ ಮ್ಯಾಲಿನ ಕಂಪನಿ ಹೆಸರೂ ಅಳಸ್ತೈತಿ.

ಎರಡ ಸಂಜಿ ಹಿಡೀತು. ಹಿಡಿಕಿ ಹತ್ರ ಒಂದ ಆಳ ಗೀರು ಹಂಗ ಬಿಟ್ಟೀನಿ, ಅದನ್ನ ತಗೀಬೇಕಂದ್ರ ಅಲಗು ಅಲ್ಲಿ ತೆಳ್ಳಗ ಆಗ್ತೈತಿ. ಟೇಪ್ ಬಿಚ್ಚಿ, ತೊಳದು ಒರಸಿ, ಕೊಬ್ರಿ ಎಣ್ಣಿ ಒಂದ ಹನಿ ಸವರಿ ಕೊಟ್ನಿ. ಅವ್ವ ಬೆಳಕಿಗೆ ಹಿಡದು ನೋಡಿ, ಉಳ್ಳಾಗಡ್ಡಿ ಬುಟ್ಟಿ ಹತ್ರ ಎಳಕೊಂಡ್ಲು.