ಕುಣಿದವನೇ ಗಿರಾಕಿಯಾಗಿ ಬಂದಾಗ

20 ಜೂನ್ 2025, ಶುಕ್ರವಾರ

ಫಿಲಿಪ್ಪೀನ್ಸ್‌ನ ನಟ ಎಡ್ಡಿ ಗಾರ್ಸಿಯಾ ತೀರಿಕೊಂಡದ್ದು 2019ರ ಜೂನ್ 20ರಂದು. ಮನಿಲಾದಲ್ಲಿ ಟಿವಿ ಧಾರಾವಾಹಿಯೊಂದರ ಚಿತ್ರೀಕರಣದ ವೇಳೆ ಕಾಲು ತೊಡರಿ ಬಿದ್ದವರು ಮತ್ತೆ ಏಳಲಿಲ್ಲ. ಆಗ ಅವರಿಗೆ 90 ವರ್ಷ. ಆ ಸಾವಿನ ಬೆನ್ನಿಗೇ ಶುರುವಾದ ಗಲಾಟೆ 2024ರಲ್ಲಿ ಕಾನೂನಾಗಿ ಮುಗಿಯಿತು. ಸಿನಿಮಾ, ಟಿವಿ ಕೆಲಸಗಾರರಿಗೆ ದಿನಕ್ಕೆ ಸಾಮಾನ್ಯವಾಗಿ 8 ಗಂಟೆ, ವಾರಕ್ಕೆ ಹೆಚ್ಚೆಂದರೆ 60 ಗಂಟೆ ಕೆಲಸ ಎಂದು ಗೊತ್ತುಮಾಡಿದ ಆ ಕಾಯಿದೆಗೆ ಅವರದೇ ಹೆಸರು. ಫಿಲಿಪ್ಪೀನ್ಸ್‌ನ ಸಲಿಂಗಿ ಸಿನಿಮಾದ ಬಗ್ಗೆ ಬರೆಯಲು ಕೂತಾಗ ಈ ಖಳನಾಯಕರಿಂದಲೇ ಶುರುಮಾಡುವುದು ಸರಿ. ಹೌದು, ಅಲ್ಲಿನ ಪ್ರೇಕ್ಷಕರಿಗೆ ಅವರು ಮುಖ್ಯವಾಗಿ ಖಳನಾಯಕ.

ಈ ಚಿತ್ರಗಳನ್ನು ನಿರ್ದೇಶಕರ ಹೆಸರು ಹಿಡಿದು ನೋಡುವುದು ವಾಡಿಕೆ: ಬ್ರೊಕಾ, ಬೆರ್ನಾಲ್, ಮೆಂಡೋಜ, ಸೊಲಿತೊ. ಚಿತ್ರೋತ್ಸವದ ಪುಸ್ತಿಕೆಗಳೂ ಹಾಗೇ ಜೋಡಿಸುತ್ತವೆ. ನಟರ ಬೆನ್ನು ಹತ್ತಿ ನೋಡಿದರೆ ಬೇರೆಯದೇ ಕಥೆ ಕಾಣುತ್ತದೆ. ಮನಿಲಾದ ಉದ್ಯಮ ಚಿಕ್ಕದು. ಅವೇ ಮುಖಗಳು ಹತ್ತು, ಇಪ್ಪತ್ತು ವರ್ಷ ಕಳೆದು ಮತ್ತೆ ಬರುತ್ತವೆ, ಆದರೆ ವ್ಯವಹಾರದ ಆಚೆ ಬದಿಯಲ್ಲಿ ನಿಂತಿರುತ್ತವೆ. ಪ್ರೇಕ್ಷಕನಿಗೆ ಹಳೆಯ ಮುಖ ನೆನಪಿರುತ್ತದೆ ಎಂಬುದು ನಿರ್ದೇಶಕನಿಗೂ ಗೊತ್ತು.

ಗಾರ್ಸಿಯಾರನ್ನೇ ನೋಡಿ. 70ರ ದಶಕದ ಹೊಸ್ತಿಲಲ್ಲಿ ಲಿನೊ ಬ್ರೊಕಾ ತೆಗೆದ ‘ತುಬೊಗ್ ಸ ಗಿಂತೊ’ದಲ್ಲಿ ಅವರು ಸಿರಿವಂತ ಗೃಹಸ್ಥ. ಹೆಂಡತಿ, ಮಗ, ಮರ್ಯಾದೆ ಎಲ್ಲ ಇದೆ, ಒಳಗೊಂದು ಗುಟ್ಟೂ ಇದೆ. ಹೆಸರಿನ ಅರ್ಥ ಚಿನ್ನದ ನೀರು ಕೊಟ್ಟದ್ದು, ನಮ್ಮ ಮಾತಿನಲ್ಲಿ ಗಿಲೀಟು. ಗುಟ್ಟು ಹೊರಬಿದ್ದ ಮೇಲೆ ಬದುಕಲು ಜಾಗವೇ ಇಲ್ಲದ ಕಾಲದ ಚಿತ್ರ ಅದು. ನಾಲ್ಕು ದಶಕ ದಾಟಿ 2012ರಲ್ಲಿ ಜುನ್ ರೋಬ್ಲೆಸ್ ಲಾನಾರ ‘ಬ್ವಾಕಾವ್’. ಅದರ ರೆನೆ ತಾನು ಸಲಿಂಗಿ ಎಂದು ಒಪ್ಪಿಕೊಳ್ಳುವ ಹೊತ್ತಿಗೆ ಮುದುಕನಾಗಿದ್ದಾನೆ. ಸಿಡುಕ. ತನ್ನ ಶವಪೆಟ್ಟಿಗೆಯನ್ನು ಮೊದಲೇ ಗೊತ್ತುಮಾಡಿಟ್ಟು, ಉಯಿಲನ್ನು ಪದೇ ಪದೇ ತಿದ್ದಿಸುವ ಆಸಾಮಿ. ಜೊತೆಗಿರುವುದು ಒಂದು ಬೀದಿನಾಯಿ. ಬ್ವಾಕಾವ್ ಅಂದರೆ ಹೊಟ್ಟೆಬಾಕ, ಅದು ನಾಯಿಯ ಹೆಸರು. ಗುಟ್ಟು ಬಯಲಾದೀತೆಂಬ ಭಯ ಇಲ್ಲಿಲ್ಲ. ಹೇಳಿಕೊಳ್ಳುವಷ್ಟರಲ್ಲಿ ಹೊತ್ತು ಮೀರಿತಲ್ಲ ಎಂಬುದೇ ಸಂಕಟ. 2018ರ ‘ರೇನ್‌ಬೋಸ್ ಸನ್‌ಸೆಟ್’ನಲ್ಲಿ ಅದೇ ನಟ ಎಂಬತ್ತು ದಾಟಿದ ಮಾಜಿ ಸೆನೆಟರ್. ಸಾಯುತ್ತಿರುವ ಗೆಳೆಯನ ಪಕ್ಕದಲ್ಲಿರಲು ಮನೆ ಬಿಟ್ಟು ಹೊರಡುತ್ತಾನೆ, ಹೆಂಡತಿಗೆ ಇದು ಮೊದಲೇ ಗೊತ್ತು. ಕೊನೆಯದು ಮೆಲೋಡ್ರಾಮಾ. ಮೂರರಲ್ಲಿ ನಿಜಕ್ಕೂ ಗಟ್ಟಿಯಾದದ್ದು ನಡುವಿನದೇ, ಏಕೆಂದರೆ ಅಲ್ಲಿ ಗಾರ್ಸಿಯಾ ಅನುಕಂಪ ಕೇಳುವುದಿಲ್ಲ.

ಮುಂದೆ ಹೋಗುವ ಮುನ್ನ ಒಂದು ಪದ. ತಗಾಲೊಗ್‌ನ ‘ಬಾಕ್ಲಾ’ವನ್ನು ‘ಗೇ’ ಎಂದು ಅನುವಾದಿಸಿದರೆ ಅರ್ಧ ಅರ್ಥ ಸೋರಿಹೋಗುತ್ತದೆ. ಬಾಕ್ಲಾ ಎಂದರೆ ಹೆಣ್ಣಿನ ಹಾವಭಾವದ ಗಂಡು. ಸಿನಿಮಾದಲ್ಲಿ ಅವನಿಗೆ ಬ್ಯೂಟಿ ಪಾರ್ಲರ್ ಕೆಲಸ, ನಾಲಗೆ ಚುರುಕು, ಮನಸ್ಸು ಮೆತ್ತಗೆ. ಅವನು ಬಯಸುವುದು ಇನ್ನೊಬ್ಬ ಬಾಕ್ಲಾನನ್ನಲ್ಲ, ‘ನಿಜವಾದ ಗಂಡಸ’ನ್ನು. ಆ ಗಂಡಸನ್ನು ಯಾರೂ ಬಾಕ್ಲಾ ಅನ್ನುವುದಿಲ್ಲ. ಸಂಬಂಧದ ಖರ್ಚು ಮಾತ್ರ ಬಾಕ್ಲಾನದು: ಮೊಬೈಲು, ಕಾಲೇಜು ಫೀಸು, ಮನೆಗೆ ಅಕ್ಕಿ. ಈ ಲೆಕ್ಕಾಚಾರ ಗೊತ್ತಿಲ್ಲದೆ ನೋಡಿದರೆ ಪ್ರತಿ ಚಿತ್ರದಲ್ಲೂ ದುಡ್ಡು ಕೈ ಬದಲಿಸುವುದು ಯಾಕೆಂದು ತಿಳಿಯುವುದಿಲ್ಲ. ನಗೆಚಿತ್ರಗಳ ಬಾಕ್ಲಾನನ್ನು ರೂಪಿಸಿದವರು ಡಾಲ್ಫಿ, 1954ರ ‘ಜ್ಯಾಕ್ ಎನ್ ಜಿಲ್’ನಿಂದ. 1978ರಲ್ಲಿ ಅದೇ ಡಾಲ್ಫಿಯನ್ನು ಬ್ರೊಕಾ ‘ಅಂಗ್ ತಾತಾಯ್ ಕೊಂಗ್ ನಾನಾಯ್’ನಲ್ಲಿ ಮಗು ಸಾಕುವ ಬಾಕ್ಲಾನನ್ನಾಗಿ ಮಾಡಿ, ನಗಲು ಬಂದವರ ಕಣ್ಣು ಒದ್ದೆ ಮಾಡಿಸಿದರು.

ಈ ಲೆಕ್ಕಾಚಾರ ಹಸಿಹಸಿಯಾಗಿ ಕಾಣುವುದು 1988ರ ‘ಮಾಚೋ ಡ್ಯಾನ್ಸರ್’ನಲ್ಲಿ. ಮಾಚೋ ಡ್ಯಾನ್ಸ್ ಎಂದರೆ ಬಾರ್‌ಗಳಲ್ಲಿ ಗಂಡಸರ ಮುಂದೆ ಗಂಡಸರು ನಿಧಾನದ ಹಾಡಿಗೆ ಅಲೆಯಂತೆ ಮೈ ಬಾಗಿಸಿ ಮಾಡುವ ಕುಣಿತ. ಹಳ್ಳಿಯಿಂದ ಬಂದ ಪೋಲ್‌ನ ಪಾತ್ರದಲ್ಲಿ ಅಲನ್ ಪಾವ್ಲೆ, ಕಳೆದುಹೋದ ತಂಗಿಯನ್ನು ಹುಡುಕುವ ನೋಯೆಲ್‌ನಾಗಿ ಡೇನಿಯಲ್ ಫೆರ್ನಾಂಡೊ, ಲೈಂಗಿಕ ಕಾರ್ಮಿಕಳಾಗಿ ಜಾಕ್ಲಿನ್ ಹೊಸೆ. (ಫೆರ್ನಾಂಡೊ 2019ರಿಂದ ಬುಲಕಾನ್ ಪ್ರಾಂತ್ಯದ ಗವರ್ನರ್. ಅಂಥ ಪಾತ್ರ ಮಾಡಿದವನಿಗೆ ಮತ ಬೀಳುವುದಿಲ್ಲ ಎನ್ನುವವರಿಗೆ ಉತ್ತರ.)

ಈಗ 2005ಕ್ಕೆ ಬನ್ನಿ. ಬ್ರಿಯಾಂತೆ ಮೆಂಡೋಜರ ಮೊದಲ ಚಿತ್ರ ‘ಮಸಾಹಿಸ್ತಾ’. ಮನಿಲಾದ ಮಸಾಜ್ ಪಾರ್ಲರಿನಲ್ಲಿ ಇಲಿಯಾಕ್ ಎಂಬ ಹುಡುಗ, ಪಾತ್ರದಲ್ಲಿ ಆಗಿನ್ನೂ ಹೊಸಬನಾದ ಕೋಕೋ ಮಾರ್ಟಿನ್. ಅವನನ್ನು ಆರಿಸಿಕೊಳ್ಳುವ ಗಿರಾಕಿ, ಪ್ರೇಮ ಕಾದಂಬರಿಗಳ ಲೇಖಕ, ಅಲನ್ ಪಾವ್ಲೆ! ಹದಿನೇಳು ವರ್ಷದ ಹಿಂದೆ ವೇದಿಕೆಯ ಮೇಲೆ ಕುಣಿದವನು ಈಗ ಹಾಸಿಗೆಯ ಮೇಲೆ ಮಲಗಿ ದುಡ್ಡು ಕೊಡುತ್ತಿದ್ದಾನೆ. ಜಾಕ್ಲಿನ್ ಹೊಸೆ ಇಲ್ಲಿ ಹುಡುಗನ ತಾಯಿ. ಚಿತ್ರದ ಕಟ್ಟಡವೇ ಎರಡು ದೃಶ್ಯಗಳ ಹೆಣಿಗೆ: ಒಂದು ಕಡೆ ಗಿರಾಕಿಯ ಮೈ ನೀವುವುದು, ಇನ್ನೊಂದು ಕಡೆ ಊರಿನಲ್ಲಿ ಸತ್ತ ಅಪ್ಪನ ಹೆಣಕ್ಕೆ ಬಟ್ಟೆ ತೊಡಿಸುವುದು. ಎರಡು ಕಡೆಯೂ ಅದೇ ಕೈ. ಇಲ್ಲಿ ಮುಖ ನೋಡಬೇಡಿ, ಕೈ ನೋಡಿ. ಲೊಕಾರ್ನೊ ಚಿತ್ರೋತ್ಸವದ ವಿಡಿಯೊ ವಿಭಾಗದಲ್ಲಿ ಅದಕ್ಕೆ ಚಿನ್ನದ ಚಿರತೆ ಪ್ರಶಸ್ತಿ ಬಂತು. ಆ ವಿಭಾಗದ ಹೆಸರು ನೆನಪಿಡಿ, ಮುಂದಿನ ಕಥೆಯೆಲ್ಲ ವಿಡಿಯೊದ್ದೇ.

2005ರಲ್ಲೇ ಯಾಕೆ ಇಂಥ ಚಿತ್ರಗಳು ಮಳೆಗಾಲದ ಅಣಬೆಯಂತೆ ಎದ್ದವು? ಫಿಲ್ಮ್ ರೋಲಿನ ಲೆಕ್ಕ ಹಾಕಿ. 35 ಎಂಎಂನ ಸಾವಿರ ಅಡಿ ರೋಲು ಓಡುವುದು ಸುಮಾರು 11 ನಿಮಿಷ. ನೂರು ನಿಮಿಷದ ಚಿತ್ರಕ್ಕೆ 9 ಸಾವಿರ ಅಡಿ. ಐದು ಪಟ್ಟು ತೆಗೆದು ಅದರಲ್ಲಿ ಆರಿಸಬೇಕೆಂದರೆ 45 ಡಬ್ಬಿ. ಅದರ ಮೇಲೆ ಸಂಸ್ಕರಣೆ, ಪ್ರಿಂಟು. ಅಷ್ಟೇ ಸರಕು ಮಿನಿ-ಡಿವಿ ಕ್ಯಾಸೆಟ್ಟಿನಲ್ಲಾದರೆ ಒಂದೊಂದು 60 ನಿಮಿಷದ್ದು, 9 ಸಾಕು. 90ರ ದಶಕದ ಕೊನೆಯಲ್ಲಿ ರೀಗಲ್ ಫಿಲ್ಮ್ಸ್ ‘ಪಿತೊ-ಪಿತೊ’ ಎಂಬ, ತಯಾರಿಗೂ ಚಿತ್ರೀಕರಣಕ್ಕೂ ಏಳೇಳು ದಿನದ ಪದ್ಧತಿ ತಂದು ಖರ್ಚು ಇಳಿಸಿತ್ತು, ನಿರ್ದೇಶಕ ಲಾವ್ ಡಿಯಾಜ್ ಕೂಡ ಅಲ್ಲಿಂದಲೇ ಬಂದವರು. ಕ್ಯಾಸೆಟ್ಟು ಬಂದ ಮೇಲೆ ನಿರ್ಮಾಪಕನ ಬಾಗಿಲು ತಟ್ಟುವುದೂ ತಪ್ಪಿತು. ಅದೇ 2005ರಲ್ಲಿ ಸಿನೆಮಲಾಯ ಉತ್ಸವ ಶುರುವಾಗಿ, ಆಯ್ಕೆಯಾದ ಚಿತ್ರಕಥೆಗೆ 5 ಲಕ್ಷ ಪೆಸೊ ಕೊಡತೊಡಗಿತು.

ಅಗ್ಗದ ಕ್ಯಾಮೆರಾದ ಶಾಪವೂ ಇದೆ. ಅದರೊಳಗೆ ಬೆಳಕು ಹಿಡಿಯುವ ಸೆನ್ಸರ್ ಉಗುರಿನಷ್ಟೂ ಇಲ್ಲ. ರಾತ್ರಿಯ ಬಾರ್, ಟ್ಯೂಬ್‌ಲೈಟಿನ ಕೋಣೆ, ಇವೇ ಈ ಚಿತ್ರಗಳ ತಾಣ. ಬೆಳಕು ಸಾಲದೆ ಗೇನ್, ಅಂದರೆ ಕ್ಯಾಮೆರಾ ಚಿತ್ರವನ್ನು ಬೆಳಗಿಸುವ ಮಟ್ಟ, ಏರಿಸಿದರೆ ನೆರಳೆಲ್ಲ ರವೆ ಚೆಲ್ಲಿದಂತೆ. ಕಿಟಕಿ ಚೌಕಟ್ಟಿನೊಳಗೆ ಬಂದರೆ ಅದು ಬಿಳಿ ಹಾಳೆ. ಇದಕ್ಕಿಂತ ಕೆಟ್ಟದ್ದು ಧ್ವನಿ. ಕ್ಯಾಮೆರಾದ ಮೇಲಿನ ಮೈಕಿಗೆ ನಟನ ಪಿಸುಮಾತಿಗಿಂತ ಬೀದಿಯ ಟ್ರೈಸಿಕಲ್ ಜೋರಾಗಿ ಕೇಳುತ್ತದೆ, ಮತ್ತೆ ಡಬ್ ಮಾಡಲು ದುಡ್ಡಿಲ್ಲ. ಮೆಂಡೋಜ 2008ರ ‘ಸೆರ್ಬಿಸ್’ನಲ್ಲಿ ಈ ದೋಷವನ್ನೇ ಗುಣ ಮಾಡಿಕೊಂಡರು. ಅಂಹೆಲೆಸ್ ನಗರದ ‘ಫ್ಯಾಮಿಲಿ’ ಎಂಬ ಹಳೆಯ ಚಿತ್ರಮಂದಿರದಲ್ಲಿ ಒಂದು ಸಂಸಾರ ವಾಸ, ಪರದೆಯ ಮೇಲೆ ಬೆತ್ತಲೆ ಚಿತ್ರ, ಕತ್ತಲ ಸೀಟುಗಳಲ್ಲಿ ‘ಸರ್ವೀಸ್’ ವ್ಯಾಪಾರ. ಮಾತನ್ನು ಬೀದಿಯ ಸದ್ದು ನುಂಗುತ್ತದೆ, ನುಂಗಲೆಂದೇ ಬಿಟ್ಟಿದ್ದಾರೆ. ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ತೋರಿಸಿದಾಗ ಮೂಗು ಮುರಿದವರೇ ಬಹಳ.

ಚಿತ್ರ ತೆಗೆದರೆ ಮುಗಿಯಲಿಲ್ಲ, ತೋರಿಸಬೇಕಲ್ಲ. ಅಲ್ಲಿನ ಸೆನ್ಸಾರು ಎಂಟಿಆರ್‌ಸಿಬಿ ಎಂಬ ಸಿನಿಮಾ-ಟಿವಿ ಮಂಡಳಿ, 1985ರ ಅಧ್ಯಕ್ಷೀಯ ಆಜ್ಞೆಯಿಂದ ಹುಟ್ಟಿದ್ದು. ಅದು ಎಕ್ಸ್ ದರ್ಜೆ ಕೊಟ್ಟರೆ ಸಾರ್ವಜನಿಕ ಪ್ರದರ್ಶನವೇ ಇಲ್ಲ. ಆರ್-18 (ಹದಿನೆಂಟು ತುಂಬಿದವರಿಗೆ ಮಾತ್ರ) ಸಿಕ್ಕಿತೆಂದು ಹಿಗ್ಗುವಂತೆಯೂ ಇರಲಿಲ್ಲ: ದೇಶದ ದೊಡ್ಡ ಮಾಲ್ ಸರಪಳಿಯಾದ ಎಸ್‌ಎಂ ತನ್ನ ಪರದೆಗಳಲ್ಲಿ ಆರ್-18 ಚಿತ್ರ ಹಾಕದಿರುವ ನಿಯಮ ಮಾಡಿಕೊಂಡಿತು. ಅಂದರೆ ಕಾನೂನು ಬಿಟ್ಟರೂ ಮಾಲ್ ಬಿಡುತ್ತಿರಲಿಲ್ಲ. ಹೀಗಾಗಿ ಒಂದೇ ಚಿತ್ರಕ್ಕೆ ಎರಡು ರೂಪ. ಕತ್ತರಿ ಬಿದ್ದದ್ದು ಮಾಲಿಗೆ, ಇಡಿಯಾದದ್ದು ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸಭಾಂಗಣಕ್ಕೆ, ಅಲ್ಲಿ ಮಂಡಳಿಯ ಕತ್ತರಿ ನಡೆಯುವುದಿಲ್ಲ. ಡಿವಿಡಿ ಕೊಳ್ಳುವಾಗಲೂ ಇದು ನೆನಪಿರಲಿ. ಒಂದೇ ಹೆಸರಿನ ಎರಡು ತಟ್ಟೆಗಳ ಅವಧಿ ಬೇರೆಯಾಗಿದ್ದರೆ ಕಾರಣ ಇದೇ.

ಅಡ್ಡಪರಿಣಾಮವೂ ಆಯಿತು. ಮಾಲ್ ಹೇಗೂ ಸಿಗದು ಎಂದಾದ ಮೇಲೆ ಕೆಲವರು ಬೆತ್ತಲೆಯನ್ನೇ ಬಂಡವಾಳ ಮಾಡಿಕೊಂಡರು. 2007ರಿಂದ 2010ರ ಸುಮಾರಿಗೆ ಬಂದ ಹಲವು ‘ಪಿಂಕ್ ಫಿಲ್ಮ್’ಗಳಲ್ಲಿ, ಅಂದರೆ ಸಲಿಂಗಿ ಚಿತ್ರಗಳಲ್ಲಿ, ಪೋಸ್ಟರು ಒಂದೇ, ಸ್ನಾನದ ದೃಶ್ಯ ಒಂದೇ, ಬಡ ಹುಡುಗನ ಕಷ್ಟ ಒಂದೇ. ಪೆಟ್ಟು ತಿಂದವರು ನಟರು. ಹೆಸರಾಂತ ನಟ ಸಲಿಂಗಿಯ ಪಾತ್ರ ಮಾಡಿದರೆ ‘ಸಾಹಸ’, ಪ್ರಶಸ್ತಿ. ಹೊಸಬ ಮಾಡಿದರೆ ‘ಆ ಥರದ ಚಿತ್ರದ ಹುಡುಗ’. ಕೋಕೋ ಮಾರ್ಟಿನ್ ಒಬ್ಬರು ಆ ಗೋಡೆ ಹಾರಿದರು. 2015ರಿಂದ 2022ರವರೆಗೆ ಓಡಿದ ‘ಅಂಗ್ ಪ್ರೊಬಿನ್ಸ್ಯಾನೊ’ ಧಾರಾವಾಹಿಯಲ್ಲಿ ಅವರು ಮನೆಮನೆಯ ಪೊಲೀಸು. ಅವರನ್ನು ತೋರಿಸಿ ಈ ಚಿತ್ರಗಳು ಏಣಿ ಎನ್ನುವವರು, ಹಾರಲಾಗದೆ ಉಳಿದವರ ಹೆಸರು ಹೇಳುವುದಿಲ್ಲ.

ಬೆತ್ತಲೆಯ ಹಂಗಿಲ್ಲದೆ ಗೆದ್ದ ಚಿತ್ರ ಔರೆಯಸ್ ಸೊಲಿತೊರ ‘ಅಂಗ್ ಪಗ್ದದಲಾಗ ನಿ ಮ್ಯಾಕ್ಸಿಮೊ ಒಲಿವೆರೋಸ್’, ಸಿನೆಮಲಾಯದ ಮೊದಲ ವರ್ಷದ್ದು. 2006ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಸಲಿಂಗಿ ಚಿತ್ರಗಳಿಗೆ ಕೊಡುವ ಟೆಡಿ ಪ್ರಶಸ್ತಿ. ಚಿತ್ರಕಥೆ ಮಿಚಿಕೊ ಯಮಾಮೊಟೊ ಅವರದು. ಸಂಪಾಲೊಕ್‌ನ ಕೊಳೆಗೇರಿಯಲ್ಲಿ ತಾಯಿಯಿಲ್ಲದ ಮನೆ. ಅಪ್ಪ, ಅಣ್ಣಂದಿರು ಚಿಲ್ಲರೆ ಕಳ್ಳರು; ಅಡುಗೆ, ಹೊಲಿಗೆ ಹನ್ನೆರಡರ ಮ್ಯಾಕ್ಸಿಯದು. ಅವನು ಬಾಕ್ಲಾ ಎಂಬುದು ಆ ಮನೆಗೆ ಸಮಸ್ಯೆಯೇ ಅಲ್ಲ! ತನ್ನನ್ನು ಕಾಪಾಡಿದ ಪ್ರಾಮಾಣಿಕ ಪೊಲೀಸು ಒಂದು ಕಡೆ, ಮನೆಯವರು ಇನ್ನೊಂದು ಕಡೆ, ನಡುವೆ ಮಗು. ಮ್ಯಾಕ್ಸಿಯಾಗಿ ನೇಥನ್ ಲೋಪೆಜ್ ನಡೆಯುವ ನಡಿಗೆಯಲ್ಲಿ ನಟನೆಯ ಕುರುಹೇ ಇಲ್ಲ.

ಇದಕ್ಕೆ ಕನ್ನಡ ಸಬ್‌ಟೈಟಲ್ ಬರೆಯಲು ಹೊರಟರೆ ಮೊದಲ ಸಾಲಿನಲ್ಲೇ ಎಡವುತ್ತೇವೆ. ‘ದಲಾಗ’ ಎಂದರೆ ಪ್ರಾಯದ ಹುಡುಗಿ, ‘ಪಗ್ದದಲಾಗ’ ಎಂದರೆ ದೊಡ್ಡವಳಾಗುವುದು. ಇಂಗ್ಲಿಷಿನವರು ‘ಅರಳುವುದು’ ಎಂದು ಹೂವಿನ ಕಡೆ ತಿರುಗಿಸಿ ಜಾರಿಕೊಂಡರು. ಕನ್ನಡಕ್ಕೆ ಹಾಗೆ ಜಾರುವ ಅಗತ್ಯವಿಲ್ಲ, ಪದ ಇದೆ. ತೊಡಕು ಬೇರೆ ಕಡೆ. ತಗಾಲೊಗ್‌ನಲ್ಲಿ ಅವನಿಗೂ ಅವಳಿಗೂ ಒಂದೇ ಪದ, ‘ಸಿಯಾ’. ನಮ್ಮಲ್ಲಿ ಸರ್ವನಾಮ ನುಂಗಿದರೂ ಕ್ರಿಯಾಪದ ಬಾಯಿಬಿಡುತ್ತದೆ: ಬಂದನು, ಬಂದಳು. ‘ಅವರು ಬಂದರು’ ಎಂದರೆ ಹನ್ನೆರಡರ ಮಗುವಿಗೆ ಬಹುವಚನದ ಶಾಲು ಹೊದಿಸಿದಂತೆ. ‘ಬಂದಾಯ್ತಾ’, ‘ತಿಂದು ಮಲಗಿದ್ದು’ ಎಂಬ ಲಿಂಗವಿಲ್ಲದ ರೂಪಗಳನ್ನು ಹುಡುಕಿಕೊಂಡು ಹೋಗಬೇಕು, ಎರಡು ಸಾಲಿನೊಳಗೆ.

ಬೆಕಿ ಭಾಷೆ ಬಂದರಂತೂ ಮುಗಿಯಿತು. ಬಾಕ್ಲಾಗಳ ಈ ಒಳನುಡಿಯಲ್ಲಿ ಖ್ಯಾತರ ಹೆಸರುಗಳೇ ಪದಗಳು. ‘ಟಾಮ್ ಜೋನ್ಸ್’ ಎಂದರೆ ಹಸಿವು, ‘ಗುತೊಮ್’ ತಿರುವಿಹಾಕಿದ್ದು. ‘ಲುಜ್ ವಾಲ್ಡೆಜ್’ ಎಂದರೆ ಸೋಲು. ಭಯಕ್ಕೆ ‘ತಾಕೊತ್’ ಬದಲು ‘ಶೊಕೊತ್’. 2011ರ ‘ಜೊಂಬಾಡಿಂಗ್ಸ್’ ಚಿತ್ರದ ಪೂರ್ಣ ಹೆಸರಿನಲ್ಲೇ ಈ ಪದವಿದೆ. ಬಾಕ್ಲಾಗಳನ್ನು ಅಣಕಿಸಿದ ಹುಡುಗನೊಬ್ಬ ಶಾಪ ತಗುಲಿ ದೊಡ್ಡವನಾದ ಮೇಲೆ ತಾನೂ ಬಾಕ್ಲಾ ಆಗತೊಡಗುವ ಭೂತದ ನಗೆಚಿತ್ರ ಅದು. ಆ ಹುಡುಗನ ಪಾತ್ರದ ಮಾರ್ಟಿನ್ ಎಸ್ಕುದೆರೊ ಅವರ ನಾಲಗೆ ಮೊದಲು ಬದಲಾಗುತ್ತದೆ, ಆಮೇಲೆ ಸೊಂಟ. ಈ ಕ್ರಮ ಗಮನಿಸಬೇಕಾದ್ದು.

2016ರ ‘ಡೈ ಬ್ಯೂಟಿಫುಲ್’ನಲ್ಲಿ ಪೌಲೊ ಬಾಯೆಸ್ತೆರೊಸ್‌ಗೆ ಟೋಕಿಯೊ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ. ಸತ್ತ ಟ್ರಾನ್ಸ್ ಸುಂದರಿಯ ಹೆಣಕ್ಕೆ ದಿನಕ್ಕೊಬ್ಬ ತಾರೆಯಂತೆ ಮೇಕಪ್ ಮಾಡುವ ಕಥೆ. ಮೇಕಪ್‌ನಲ್ಲಿ ರೂಪ ಬದಲಿಸುವುದರಲ್ಲಿ ನಟ ಮೊದಲೇ ಹೆಸರುವಾಸಿ. ಟ್ರಾನ್ಸ್ ಹೆಣ್ಣಿನ ಪಾತ್ರಕ್ಕೆ ಗಂಡು ನಟ, ಅವನಿಗೇ ಪ್ರಶಸ್ತಿ. ‘ನಾನು ಅವನಲ್ಲ ಅವಳು’ ಮತ್ತು ಸಂಚಾರಿ ವಿಜಯ್ ನೆನಪಾದರೆ ಆಶ್ಚರ್ಯವಿಲ್ಲ. ಅಭಿನಯದ ಬಗ್ಗೆ ತಕರಾರಿಲ್ಲ, ಅವಕಾಶದ ಬಗ್ಗೆ ಇದೆ. ಸೆಬುವಿನಲ್ಲಿ ಹುಟ್ಟಿದ ಟ್ರಾನ್ಸ್ ನಿರ್ದೇಶಕಿ ಇಸಬೆಲ್ ಸಾಂಡೊವಲ್ 2019ರ ‘ಲಿಂಗ್ವಾ ಫ್ರಾಂಕಾ’ವನ್ನು ತಾವೇ ಬರೆದು, ನಿರ್ದೇಶಿಸಿ, ಸಂಕಲಿಸಿ, ಮುಖ್ಯ ಪಾತ್ರವನ್ನೂ ಮಾಡಿದರು. ಅದು ಬ್ರೂಕ್ಲಿನ್‌ನ ಕಥೆ.

2020ರ ಲಾಕ್‌ಡೌನ್‌ನಲ್ಲಿ ‘ಬ್ವಾಕಾವ್’ ತೆಗೆದ ಲಾನಾರ ಐಡಿಯಾಫಸ್ಟ್ ಸಂಸ್ಥೆ ಯೂಟ್ಯೂಬಿಗೆ ‘ಗೇಮ್‌ಬಾಯ್ಸ್’ ತೆಗೆಯಿತು, ಇಬ್ಬರು ಹುಡುಗರ ವಿಡಿಯೊ ಕಾಲ್‌ನಲ್ಲೇ ಪ್ರೇಮ. ಸೆನ್ಸಾರಿನ ಅಕ್ಷರವಿಲ್ಲ, ಮಾಲ್ ಇಲ್ಲ, ದುಡ್ಡು ಕೈ ಬದಲಿಸುವುದೂ ಇಲ್ಲ. ಎಲೈಜ ಕನ್ಲಾಸ್, ಕೊಕೊಯ್ ದೆ ಸಾಂತೋಸ್‌ರನ್ನು ಅಭಿಮಾನಿಗಳು ಹಳೆಯ ಹುಡುಗ-ಹುಡುಗಿ ‘ಲವ್ ಟೀಮ್’ಗಳಂತೆಯೇ ಜೋಡಿ ಹೆಸರಿಟ್ಟು ಕರೆದರು.

ಒಂದೇ ದಿನದಲ್ಲಿ ಎರಡು ಚಿತ್ರಕ್ಕೆ ಮಾತ್ರ ಬಿಡುವಿದ್ದರೆ ಬೆಳಿಗ್ಗೆ ‘ಮಾಚೋ ಡ್ಯಾನ್ಸರ್’, ಮಧ್ಯಾಹ್ನ ‘ಮಸಾಹಿಸ್ತಾ’. ಅಡಿಬರಹ ಸಿಗದಿದ್ದರೂ ಅಡ್ಡಿಯಿಲ್ಲ. ಪಾವ್ಲೆಯ ಮುಖ ಮರೆಯುವಷ್ಟು ಹೊತ್ತು ನಡುವೆ ಬಿಡಬೇಡಿ.